ರಿಜಿಸ್ಟ್ರಿ ಸ್ಟಡಿಲಿ "ಸರ್ಜರಿ ಆದವ್ರು ಜಾಸ್ತಿ ಬದುಕಿದಾರೆ" ಅಂತಿದೆ, ಎಷ್ಟು ನಂಬ್ಬಹುದು?

ಅಂಕೋಲಾದವ:
ನಮಸ್ಕಾರ, ನಮ್ಮ ಮಾವಂಗೆ ಕೆನ್ನೆ ಒಳಗಡೆ ಕ್ಯಾನ್ಸರ್ ಅಂತ ಬಯಾಪ್ಸಿಲಿ ಬಂತು. ಶುಗರ್ ಇದೆ, ಕವಳ (ಎಲೆ-ಅಡಿಕೆ) ಹಾಕೋದು ಮೊದ್ಲಿಂದ್ಲೂ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಅಂತ ಮನೇಲಿ ದಿನಾ ಅದೇ ಮಾತು, ಅದ್ರ ಮಧ್ಯೆ ನಾನು ನೆಟ್ಟಲ್ಲಿ ಹುಡುಕ್ತಾ ಅಮೆರಿಕದ ಸೀರ್ (SEER, ಅಲ್ಲಿನ ಕ್ಯಾನ್ಸರ್ ರಿಜಿಸ್ಟ್ರಿ, ಅಂದ್ರೆ ಕ್ಯಾನ್ಸರ್ ಬಂದವ್ರ ದಾಖಲೆ) ಡೇಟಾ ಇಟ್ಕೊಂಡು ಮಾಡಿದ ಸ್ಟಡಿ ಒಂದು ನೋಡ್ದೆ, ಎಷ್ಟು ಜನ ಬದುಕಿದಾರೆ ಅನ್ನೋ ಗ್ರಾಫಲ್ಲಿ ಆಪರೇಷನ್ ಆದವ್ರ ಗೆರೆ ಮೇಲೆ, ಆಗದವ್ರದ್ದು ಪೂರ್ತಿ ಕೆಳಗೆ. ಅತ್ತೆ ಮಾತ್ರ ಕೊಯ್ಯೋದು ಬೇಡ ರೇಡಿಯೇಷನ್ ಸಾಕು ಅಂತಾರೆ. ಈ ಗ್ರಾಫ್ ತೋರಿಸಿ ಒಪ್ಪಿಸ್ಲಾ?

ಸರ್ಜರಿ_ಪಿಜಿ:
ಒಪ್ಪಿಸಿ, ಆದ್ರೆ ಆ ಗ್ರಾಫ್ ಬಿಡಿ. ಸೀರ್ 1973ರಿಂದ ನಡೀತಿದೆ, ಒಳ್ಳೇ ರಿಜಿಸ್ಟ್ರಿನೇ. ಆದ್ರೆ ಆಪರೇಷನ್ ಯಾರಿಗೆ ಮಾಡ್ತಾರೆ ಹೇಳಿ, ಗಡ್ಡೆ ಪೂರ್ತಿ ತೆಗೆಯೋಕೆ ಬರೋ ಹಾಗಿದ್ದು ಅನಸ್ತೇಷಿಯಾ ತಡ್ಕೊಳ್ಳೋರಿಗೆ. ಎಲ್ಲಾ ಕಡೆ ಹಬ್ಬಿದವ್ರು, ಹಾರ್ಟ್ ವೀಕ್ ಇದ್ದವ್ರು ಎಲ್ಲಾ ಇನ್ನೊಂದು ಗುಂಪಿಗೆ ಬೀಳ್ತಾರೆ. ಸ್ಟೇಜ್ ವಯಸ್ಸು ಸರಿದೂಗಿಸಿದ್ರೂ ಪೇಷಂಟ್ ಓಡಾಡ್ಕೊಂಡಿದ್ರಾ ಹಾಸಿಗೆ ಹಿಡಿದಿದ್ರಾ ಅನ್ನೋದು ಆ ಡೇಟಾದಲ್ಲಿ ಇರೋದೇ ಇಲ್ಲ. ಇನ್ನೊಂದು, ದಿನ ಎಣಿಸೋದು ಡಯಾಗ್ನೋಸಿಸ್‌ನಿಂದ, ಆಪರೇಷನ್ ಡೇಟ್ ಬರೋ ತನಕ ಜೀವ ಇದ್ದವ್ರಷ್ಟೇ ಸರ್ಜರಿ ಗುಂಪು, ಕಾಯ್ತಾ ಇರುವಾಗ್ಲೇ ತೀರ್ಕೊಂಡವ್ರ ಲೆಕ್ಕ ಆಚೆ ಕಡೆಗೆ!

ಬಾಯಿ ಕ್ಯಾನ್ಸರ್‌ಗೆ ಕೊಯ್ಯೋಕೆ ಬರೋ ಹಾಗಿದ್ರೆ ಸರ್ಜರಿನೇ ಮೊದ್ಲು, ರೇಡಿಯೇಷನ್ ಬೇಕಾದ್ರೆ ಆಮೇಲೆ. ಗಟ್ಟಿ ಪುರಾವೆ ಹೇಗಿರತ್ತೆ ನೋಡ್ಬೇಕಂದ್ರೆ ಮುಂಬೈ ಟಾಟಾ ಮೆಮೋರಿಯಲ್‌ನವ್ರ 2015ರ ಟ್ರಯಲ್ ನೋಡಿ. ಶುರುವಿನ ಹಂತದ ಬಾಯಿ ಕ್ಯಾನ್ಸರ್, ಕುತ್ತಿಗೆ ಗಂಟು (ಲಿಂಫ್ ಗ್ರಂಥಿ) ಮೊದ್ಲೇ ತೆಗೆಯೋದೋ, ಅಲ್ಲಿ ಕ್ಯಾನ್ಸರ್ ಕಾಣಿಸ್ಕೊಂಡ್ಮೇಲೆ ತೆಗೆಯೋದೋ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ಮೂರು ವರ್ಷಕ್ಕೆ ಬದುಕಿದ್ದವ್ರು ಮೊದ್ಲೇ ತೆಗೆದವ್ರಲ್ಲಿ 80%, ಕಾದವ್ರಲ್ಲಿ 67.5%.

ಕಡತ_ಕೆಲ್ಸ:
ನಾನು ರಿಜಿಸ್ಟ್ರಿಲಿ ಡೇಟಾ ತುಂಬೋ ಕೆಲ್ಸ ಮಾಡಿದವ. ನಮ್ಮಲ್ಲೂ ಐಸಿಎಂಆರ್‌ನವ್ರು (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 1981ರಲ್ಲೇ ಶುರು ಮಾಡಿದ್ರು, ಬೆಂಗಳೂರಿನದ್ದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಲಿ ಇದೆ. ಹೊಸ ಕೇಸ್ ಬರ್ಕೊಳ್ಳೋದು ಅಷ್ಟೇನ್ ಕಷ್ಟ ಇಲ್ಲ ಮಾರಾಯ್ರೆ, ಐದು ವರ್ಷ ಬಿಟ್ಟು ಆ ಮನುಷ್ಯ ಇದಾನಾ ಇಲ್ವಾ ಅಂತ ತಿಳ್ಕೊಳ್ಳೋದೇ ತಲೆನೋವು. ನಂಬರ್ ಬದ್ಲಾಗಿರತ್ತೆ, ವಿಳಾಸದಲ್ಲಿ ಊರಿನ ಹೆಸ್ರಷ್ಟೇ, ಡೆತ್ ಸರ್ಟಿಫಿಕೇಟಲ್ಲಿ ಹಾರ್ಟ್ ಫೇಲ್ ಅಂತ. ನಮ್ಮ ಕಡೆಯವ್ರು ಹುಬ್ಬಳ್ಳಿಲಿ ತೋರ್ಸಿ, ಗೋವಾದಲ್ಲಿ ಕೇಳಿ, ಕೊನೆಗೆ ಮಣಿಪಾಲಲ್ಲಿ ಮಾಡಿಸ್ತಾರೆ, ಒಬ್ಬನಿಗೇ ಮೂರು ಫೈಲು. ಪತ್ತೆ ಸಿಗದವ್ರನ್ನ ಕೊನೇ ಸಲ ಬಂದ ದಿನಕ್ಕೆ ಲೆಕ್ಕದಿಂದ ಬಿಡ್ತಾರೆ, ಆದ್ರೆ ಅವ್ರಲ್ಲಿ ಸುಮಾರು ಜನ ತೀರ್ಕೊಂಡಿದ್ರಿಂದ್ಲೇ ಬಾರದೆ ಇದ್ದಿದ್ರೆ ಸರ್ವೈವಲ್ ನಿಜಕ್ಕಿಂತ ಚೆನ್ನಾಗಿ ಕಾಣತ್ತೆ.

ಶಿರಸಿ_ತೋಟ:
ನಾನೂ ಅಡಿಕೆ ಬೆಳೆಯವನೇ, ಬೈಬೇಡಿ. ತಂಬಾಕು ಇಲ್ದೇ ಇದ್ರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಯಾವಾಗ್ಲೋ ಹೇಳಿದೆ. ಮಾವಂಗೆ ಕವಳ ಬಿಡ್ಸಿ ಮೊದ್ಲು.

ಅಂಕೋಲಾದವ:
ಹಾಗಾದ್ರೆ ರಿಜಿಸ್ಟ್ರಿ ಯಾವ್ದಕ್ಕೂ ಪ್ರಯೋಜನ ಇಲ್ವಾ? ಮಾವಂಗೆ ಎಷ್ಟು ಚಾನ್ಸ್ ಅಂತ ಎಲ್ರೂ ಕೇಳ್ತಿದಾರೆ.

ಸರ್ಜರಿ_ಪಿಜಿ:
ಇದೆ, ಇಂಥಾ ಸ್ಟೇಜಿನವ್ರು ಒಟ್ಟಾರೆ ಹೇಗಿದ್ರು ಅಂತ ಹೇಳೋಕೆ ಅದೇ ಬೇಕು. ಯಾವ ಟ್ರೀಟ್‌ಮೆಂಟ್ ಮೇಲು ಅನ್ನೋದಕ್ಕೆ ಕುಂಟತ್ತೆ ಅಷ್ಟೇ. ನಿಮ್ಮ ಮಾವಂದು ಹೇಳ್ಬೇಕಂದ್ರೆ ಗಡ್ಡೆ ಎಷ್ಟು ಅಗಲ, ಎಷ್ಟು ಮಿಲಿಮೀಟರ್ ಆಳ, ಕುತ್ತಿಗೆ ಗಂಟಿಗೆ ಹೋಗಿದ್ಯಾ, ಇಷ್ಟು ಬೇಕು. ಸಿಟಿ ಸ್ಕ್ಯಾನ್ ಆಯ್ತಾ?

ಅಂಕೋಲಾದವ:
ಇಲ್ಲ, ಡೇಟ್ ಕೊಟ್ಟಿದಾರೆ.

ಸರ್ಜರಿ_ಪಿಜಿ:
ಅದ್ನ ಮುಗಿಸಿ ರಿಪೋರ್ಟ್ ಹಾಕಿ. ಹೆಸ್ರು, ಆಸ್ಪತ್ರೆ ನಂಬರ್ ಮುಚ್ಚಿ ಹಾಕಿ ಮತ್ತೆ.