ಶಿನ್ ಸ್ಪ್ಲಿಂಟ್: ಓಟ ನಿಂತಿದೆ, ತೂಕ ಇಳಿಸೋದು ಹೇಗೆ?

ಪ್ರಶ್ನೆ: ಮಂಡಿ ಕೆಳಗಿನ ಮುಂಗಾಲ ಮೂಳೆಯ ಒಳಬದಿ ನೋವು (ಶಿನ್ ಸ್ಪ್ಲಿಂಟ್), ಫಿಸಿಯೋ ಓಟ ಬೇಡ ಅಂದಿದ್ದಾರೆ. ತೂಕ 82 ಕೆಜಿ. ಊಟ ಅರ್ಧ ಮಾಡಿದರೆ ಸರಿಯಾ? ಯಾವ ವ್ಯಾಯಾಮ ಮಾಡಬಹುದು?

ಉತ್ತರ 1: ಅರ್ಧ ಊಟ ಬೇಡವೇ ಬೇಡ. ಕ್ಯಾಲೊರಿ ತೀರಾ ಇಳಿದರೆ ಮೂಳೆ ವಾಸಿಯಾಗೋದೇ ನಿಧಾನ. ದಿನಕ್ಕೆ 300 ಕ್ಯಾಲೊರಿ ಕಡಿತ ಸಾಕು. ಪ್ರೋಟೀನ್ ಕೆಜಿಗೆ 1.6 ಗ್ರಾಂ, ಅಂದರೆ ಸುಮಾರು 130 ಗ್ರಾಂ. ಬರೀ ಬೇಳೆಸಾರಲ್ಲಿ ಅಷ್ಟು ಸಿಗಲ್ಲ, ಮೊಟ್ಟೆ, ಪನೀರ್, ಸೋಯಾ ಸೇರಿಸಿ.

ಉತ್ತರ 2: ಸೈಕಲ್ 30–40 ನಿಮಿಷ. ಸೀಟು ತಗ್ಗಾದರೆ ಮಂಡಿ ಹಿಡಿಯುತ್ತೆ. ಪೆಡಲ್ ಕೆಳಗಿಳಿದಾಗ ಕಾಲು ಸ್ವಲ್ಪವೇ ಬಾಗಿರಲಿ. ಈಜು ಇನ್ನೂ ಒಳ್ಳೇದು. ಸ್ಕಿಪ್ಪಿಂಗ್ ಮುಟ್ಟಬೇಡಿ, ಅದೂ ಓಟದಷ್ಟೇ ಕಾಟ.

ಉತ್ತರ 3: ಮೊದಲು ಮೂಳೆ ಒತ್ತಿ ನೋಡಿ. ಉದ್ದಕ್ಕೂ ನೋವಿದ್ದರೆ ಶಿನ್ ಸ್ಪ್ಲಿಂಟ್ ಸಾಧ್ಯತೆ ಹೆಚ್ಚು. ಒಂದೇ ಬೆರಳಗಲ ಜಾಗದಲ್ಲಿ ಚುಚ್ಚಿದರೆ, ರಾತ್ರಿಯೂ ನೋವಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದಿರಬಹುದು. ವೈದ್ಯರ ಹತ್ತಿರ ಎಂಆರ್‌ಐ ಬಗ್ಗೆ ಕೇಳಿ.