ಹಳೆಯ ಸ್ಮರಣ ಸಂಚಿಕೆಯ ಪಿಡಿಎಫ್‌ನಲ್ಲಿರುವ ಫಾಂಟ್ ಯಾವುದೆಂದು ಗುರುತಿಸುವುದು ಹೇಗೆ?

ಪ್ರಶ್ನೆ – ಬದಿಯಡ್ಕದ ಓದುಗ

ಮಾನ್ಯರೇ, ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಹಿಂದೆ ಹೊರತಂದಿದ್ದ ಸ್ಮರಣ ಸಂಚಿಕೆಯಲ್ಲಿ ಕುಂಬಳೆ ಸೀಮೆಯ ಯಕ್ಷಗಾನ ಮತ್ತು ಭೂತಾರಾಧನೆಯ ಕುರಿತು ಬೇರೆಲ್ಲೂ ಸಿಗದ ಲೇಖನಗಳಿದ್ದು, ಅವನ್ನು ಪ್ರತ್ಯೇಕ ಪುಸ್ತಕವಾಗಿ ಮುದ್ರಿಸಬೇಕೆಂದಿದ್ದೇವೆ. ಪುಟಗಳನ್ನು ಜೋಡಿಸಿದ್ದ ಪೇಜ್‌ಮೇಕರ್ ತಂತ್ರಾಂಶದ ಕಡತ ಯಾರಲ್ಲಿಯೂ ಉಳಿದಿಲ್ಲ; ಮುದ್ರಣಕ್ಕೆ ಕೊಟ್ಟಿದ್ದ ಪಿಡಿಎಫ್ ಮಾತ್ರ ಇದೆ. ಅದರಿಂದ ನಕಲು ಮಾಡಿ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಬರುತ್ತವೆ. ನಡುವೆ ಕೆಲವು ಶುಭಸಂದೇಶಗಳು ಮಲಯಾಳಂನಲ್ಲಿವೆ. ಫಾಂಟ್ ಯಾವುದೆಂದು ತಿಳಿಯುವ ದಾರಿ ಯಾವುದು, ತಿಳಿದ ಮೇಲೆ ಅದನ್ನು ಪಿಡಿಎಫ್‌ನಿಂದಲೇ ತೆಗೆದು ಬಳಸಬಹುದೇ?

ಉತ್ತರ – ಕಾಸರಗೋಡಿನ ಡಿಟಿಪಿ ಕೆಲಸಗಾರ

ಅಡೋಬ್ ರೀಡರ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ವಿಭಾಗವನ್ನು ನೋಡಿರಿ. ಲಿನಕ್ಸ್ ಬಳಸುವವರಾದರೆ ಪಿಡಿಎಫ್‌ಫಾಂಟ್ಸ್ ಎಂಬ ಆಜ್ಞೆಯೂ ಇದೇ ಪಟ್ಟಿಯನ್ನು ಕೊಡುತ್ತದೆ. ಹೆಸರಿನಲ್ಲಿ ‘ನುಡಿ’ ಎಂದಿದ್ದರೆ ಅದು ಕನ್ನಡ ಗಣಕ ಪರಿಷತ್ತಿನದು, ‘ಬಿಆರ್‌ಎಚ್’ ಎಂದಿದ್ದರೆ ‘ಬರಹ’ ತಂತ್ರಾಂಶದ್ದು, ‘ಶ್ರೀ’ ಎಂದು ಆರಂಭವಾದರೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ. ಮಲಯಾಳಂ ಪುಟಗಳಿಗೆ ‘ಎಂಎಲ್-ಟಿಟಿ ಕಾರ್ತಿಕ’ ಎಂದು ಕಾಣಿಸುವ ಸಂಭವ ಹೆಚ್ಚು, ಅದು ಕೇಂದ್ರ ಸರಕಾರದ ಗಣಕ ಸಂಶೋಧನಾ ಸಂಸ್ಥೆಯಾದ ಸಿ-ಡಾಕ್‌ನದು.

ಹೆಸರಿನ ಮುಂದೆ ಆರು ದೊಡ್ಡಕ್ಷರಗಳೂ ಒಂದು ಕೂಡು ಚಿಹ್ನೆಯೂ (+) ಇದ್ದರೆ, ಆ ದಸ್ತಾವೇಜಿನಲ್ಲಿ ಬಳಕೆಯಾದ ಅಕ್ಷರರೂಪಗಳನ್ನಷ್ಟೇ ಕಡತದೊಳಗೆ ಸೇರಿಸಲಾಗಿದೆ ಎಂದರ್ಥ. ಹೀಗಿರುವಾಗ ಅದನ್ನು ಹೊರತೆಗೆದರೂ ಲೇಖನಗಳಲ್ಲಿ ಎಲ್ಲಿಯೂ ಬಾರದ ಒತ್ತಕ್ಷರವೊಂದು ಬೇಕಾದಾಗ ಅಲ್ಲಿ ಖಾಲಿ ಚೌಕ ಬರುತ್ತದೆ. ಶ್ರೀಲಿಪಿಯಂತಹ ವಾಣಿಜ್ಯ ಫಾಂಟ್ ಆಗಿದ್ದರೆ ಹಾಗೆ ತೆಗೆದು ಬಳಸುವ ಹಕ್ಕೂ ನಮಗಿರುವುದಿಲ್ಲ.

ನಿಮಗೆ ಹೆಸರು ಬೇಕಾಗಿರುವುದು ಬೇರೆ ಕಾರಣಕ್ಕೆ. ಈ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇರಿಸಿಕೊಂಡಿರುತ್ತವೆ, ಆದುದರಿಂದಲೇ ಅಂಟಿಸಿದಾಗ ರೋಮನ್ ಕಾಣುತ್ತದೆ. ಯಾವ ಸ್ಥಾನದಲ್ಲಿ ಯಾವ ತುಣುಕು ಎಂಬುದು ನುಡಿ ಮತ್ತು ಬರಹಗಳಲ್ಲಿ ಬಹುಮಟ್ಟಿಗೆ ಒಂದೇ; ಶ್ರೀಲಿಪಿಯದು ಬೇರೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಾಯಿಸಲು ಯಾವ ಪರಿವರ್ತಕವನ್ನು ಬಳಸಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಉತ್ತರ – ಮಂಜೇಶ್ವರದಿಂದ, ಕರಡು ತಿದ್ದುವವರು

ಪರಿವರ್ತಿಸಿದ ಪಠ್ಯವನ್ನು ದಯವಿಟ್ಟು ನೇರವಾಗಿ ಅಚ್ಚಿಗೆ ಕಳುಹಿಸಬೇಡಿರಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಸ್ಥಾನದಲ್ಲಿಯೇ, ಎಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕವು ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ನೀರ್ಚಾಲು’ ಎಂಬುದು ‘ನೀಚಾರ್ಲು’ ಆಗಿಬಿಡುತ್ತದೆ. ಊರಿನ ಹೆಸರುಗಳು ಕಾಗುಣಿತ ಪರೀಕ್ಷಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ ಕಾರಣ, ನೀರ್ಚಾಲು, ಪೆರ್ಲ, ವರ್ಕಾಡಿಗಳನ್ನು ಒಂದೊಂದಾಗಿ ಹುಡುಕಿ ನೋಡಬೇಕು. ಲೇಖಕರು ತುಳು ಮಾತುಗಳನ್ನು ಉದ್ಧರಿಸಿರುವ ಕಡೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಲ್ಲಿ ತಪ್ಪಾದರೆ ಮುಂದಿನ ಓದುಗನಿಗೆ ಸರಿರೂಪವನ್ನು ಊಹಿಸಲು ಆಧಾರವೇ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪಟ್ಟಿಯಲ್ಲಿ ನುಡಿ ಮತ್ತು ಕಾರ್ತಿಕ ಎರಡೂ ಇವೆ. ಆದರೆ ಹಳೆಯ ಪುಸ್ತಕವೊಂದರಿಂದ ಮರುಮುದ್ರಿಸಿದ ಒಂದು ಲೇಖನದ ಪುಟಗಳಲ್ಲಿ ಅಕ್ಷರಗಳನ್ನು ಆರಿಸಲೇ ಆಗುತ್ತಿಲ್ಲ. ಹೊಸ ಪುಸ್ತಕಕ್ಕೆ ಯಾವ ಫಾಂಟ್ ಒಳ್ಳೆಯದು?

ಉತ್ತರ – ಕಾಸರಗೋಡಿನ ಡಿಟಿಪಿ ಕೆಲಸಗಾರ

ಆ ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಅಲ್ಲಿ ಫಾಂಟ್ ಎಂಬುದೇ ಇಲ್ಲ. ಅವು ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಟಗಳಾಗಿದ್ದರೆ ಆ ರೂಪಕ್ಕೆ ತದ್ವತ್ತಾದ ಫಾಂಟನ್ನು ಹುಡುಕುವ ಶ್ರಮ ಬೇಡ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ತಂತ್ರಾಂಶವು ಕನ್ನಡವನ್ನು ಓದಬಲ್ಲುದು, ಆದರೆ ಮಸಿ ಹರಡಿದ ಕಡೆ ಒತ್ತಕ್ಷರಗಳನ್ನು ತಪ್ಪಾಗಿ ಗ್ರಹಿಸುವುದರಿಂದ, ಒಂದೇ ಲೇಖನವಾದರೆ ಕೈಯಿಂದ ಟೈಪ್ ಮಾಡುವುದೇ ಮೇಲು.

ಪುಸ್ತಕದ ಒಳಪುಟಗಳಿಗೆ ನಾನು ಟೀರೋ ಕನ್ನಡವನ್ನು ಸೂಚಿಸುತ್ತೇನೆ. ನೋಟೋ ಸೆರಿಫ್ ಕನ್ನಡವೂ ಆಗಬಹುದು. ಎರಡೂ ಮುಕ್ತ ಪರವಾನಗಿಯವು, ಪುಸ್ತಕವನ್ನು ಮಾರಾಟ ಮಾಡಲು ಅಡ್ಡಿಯಿಲ್ಲ. ಮಲಯಾಳಂ ಸಂದೇಶಗಳಿಗೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಪಯ್ಯನ್ಸ್ ಪರಿವರ್ತಕವಿದೆ. ಅವನ್ನು ರಚನ ಫಾಂಟ್‌ನಲ್ಲಿ ಹಾಕಿದರೆ 1971ರ ಲಿಪಿ ಸುಧಾರಣೆಗೆ ಮೊದಲಿದ್ದ ಕೂಡಕ್ಷರಗಳು ಬರುತ್ತವೆಂಬುದನ್ನು ಸಂದೇಶ ಬರೆದವರಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ಉಚಿತ.

ಪುಟಗಳನ್ನು ಇನ್‌ಡಿಸೈನ್ ತಂತ್ರಾಂಶದಲ್ಲಿ ಜೋಡಿಸುವುದಾದರೆ ಅದರ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಲೇಬೇಕು, ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಸಾಲುಗಳ ಅಂತರವನ್ನು ನಿಗದಿಪಡಿಸುವ ಮೊದಲು ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬ ಪದಗಳಿರುವ ಒಂದು ಪುಟವನ್ನು ಕಾಗದದ ಮೇಲೆ ಮುದ್ರಿಸಿ, ಒಂದರ ಕೆಳಗೊಂದು ಬರುವ ಜೋಡಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆಯೇ ಎಂದು ನೋಡಿಕೊಳ್ಳಿರಿ.