ದೊಡ್ಡ ಥ್ರಾಟಲ್ ಬಾಡಿ ಹಾಕಿಸಿದರೆ ಪವರ್ ಜಾಸ್ತಿ ಆಗುತ್ತದಾ?

ಪ್ರಶ್ನೆ: ಸರ್, ನನ್ನದು 1.6 ಲೀಟರ್ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ಏರ್ ಫಿಲ್ಟರ್ ಬದಲಾಯಿಸಿದ್ದೇನೆ, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದ್ದೇನೆ. ಇಂಜಿನ್ ಒಳಗೆ ಏನೂ ಮುಟ್ಟಿಸಿಲ್ಲ. ಈಗಿರುವ ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯನ್ನು ಪೆಡಲ್‌ಗೆ ತಕ್ಕಂತೆ ಬಿಡುವ, ಒಳಗೆ ತಿರುಗುವ ಪ್ಲೇಟ್ ಇರುವ ಕೊಳವೆ) 55 ಎಂಎಂ. ಅದಕ್ಕೆ 65 ಎಂಎಂದು ಸಿಗುತ್ತಿದೆ. ನನ್ನ ಗೆಳೆಯ ಹಾಕಿಸಿಕೊಂಡಿದ್ದಾನೆ, ಕಾಲಿಟ್ಟರೆ ಸಾಕು ಕಾರು ಚಿಮ್ಮುತ್ತದೆ ಅನ್ನುತ್ತಾನೆ. ನಾನೂ ಹಾಕಿಸಲಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಉತ್ತರ: ಈಗಿನ ಸ್ಥಿತಿಯಲ್ಲಿ ನಿಮ್ಮ ಕಾರಿಗೆ ಬೇಡ. ಬಾಯಿಮಾತಲ್ಲಿ ಬೇಡ ಅಂದರೆ ನೀವು ನಂಬುವುದಿಲ್ಲ, ಲೆಕ್ಕ ಹಾಕಿಯೇ ನೋಡೋಣ.

ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆದುಕೊಳ್ಳುತ್ತದೆ. 1.6 ಲೀಟರ್ ಅಂದರೆ ಸುತ್ತಿಗೆ 0.8 ಲೀಟರ್. 6500 ಆರ್‌ಪಿಎಂನಲ್ಲಿ, ಸಿಲಿಂಡರ್ ಪೂರ್ತಿ ತುಂಬುತ್ತದೆ ಅಂತಲೇ ಇಟ್ಟುಕೊಂಡರೂ, ನಿಮಿಷಕ್ಕೆ 5200 ಲೀಟರ್. ಸೆಕೆಂಡಿಗೆ ಸುಮಾರು 87 ಲೀಟರ್. ಇಷ್ಟು ಗಾಳಿ 55 ಎಂಎಂ ಬೋರ್‌ನಲ್ಲಿ, ಅಂದರೆ ಕೊಳವೆಯ ತೂತಿನಲ್ಲಿ, ಹೋಗಬೇಕಾದರೆ ಅದರ ವೇಗ ಸೆಕೆಂಡಿಗೆ 36 ಮೀಟರ್ ಚಿಲ್ಲರೆ. ನಡುವೆ ಪ್ಲೇಟ್ ಮತ್ತು ಶಾಫ್ಟ್ ಅಡ್ಡ ಇರುತ್ತವೆ, ಅದಕ್ಕೆ 40ರಿಂದ 45 ಅಂತ ಹಿಡಿಯಿರಿ. ಈ ವೇಗಕ್ಕೆ ಕಳೆದುಹೋಗುವ ಒತ್ತಡ ಸುಮಾರು 1 ಕಿಲೋಪಾಸ್ಕಲ್. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡವೇ 101 ಕಿಲೋಪಾಸ್ಕಲ್. ಅಂದರೆ ಈ ಥ್ರಾಟಲ್ ಬಾಡಿ ನಿಮ್ಮಿಂದ ಕಿತ್ತುಕೊಳ್ಳುತ್ತಿರುವುದು ನೂರರಲ್ಲಿ ಒಂದು ಪಾಲು.

65 ಎಂಎಂ ಹಾಕಿದರೆ ಆ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಉಳಿತಾಯ ಆದದ್ದು ಅರ್ಧ ಕಿಲೋಪಾಸ್ಕಲ್. ನೂರು ಎಚ್‌ಪಿ ಇಂಜಿನ್‌ಗೆ ಹೆಚ್ಚು ಕಡಿಮೆ ಅರ್ಧ ಎಚ್‌ಪಿ. ಅದೂ ಪೆಡಲ್ ಪೂರ್ತಿ ತುಳಿದು, ರೆಡ್‌ಲೈನ್ (ಇಂಜಿನ್ ಸುತ್ತಬಹುದಾದ ಗರಿಷ್ಠ ಆರ್‌ಪಿಎಂ) ಹತ್ತಿರ ಇದ್ದಾಗ ಮಾತ್ರ. ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಒಂದೇ ಕಾರನ್ನು ಎರಡು ಸಲ ಓಡಿಸಿದರೆ ಬರುವ ವ್ಯತ್ಯಾಸವೇ ಇದಕ್ಕಿಂತ ಜಾಸ್ತಿ.

ಗಾಳಿ ನಿಜವಾಗಿ ಒದ್ದಾಡುವುದು ಇನ್ನೂ ಒಳಗೆ: ಇಂಜಿನ್ ಹೆಡ್‌ನ ಪೋರ್ಟು (ಗಾಳಿ ಸಿಲಿಂಡರ್‌ಗೆ ಹೋಗುವ ದಾರಿ), ವಾಲ್ವ್, ಆ ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಅಂತ ತೀರ್ಮಾನಿಸುವ ಕ್ಯಾಮ್. ಒಳಕೋಣೆಯ ಬಾಗಿಲು ಕಿರಿದಾಗಿಯೇ ಇದ್ದರೆ ಹೆಬ್ಬಾಗಿಲು ಅಗಲ ಮಾಡಿ ಏನು ಬಂತು?

ಪ್ರಶ್ನೆ: ಲೆಕ್ಕ ಒಪ್ಪಿದೆ ಸರ್. ಆದರೆ ಗೆಳೆಯನ ಕಾರು ನಾನೇ ಓಡಿಸಿ ನೋಡಿದ್ದೇನೆ. ಪಿಕಪ್ ನಿಜವಾಗಿಯೂ ಜಾಸ್ತಿ ಇದೆ. ಭ್ರಮೆ ಅಂತೂ ಅಲ್ಲ.

ಉತ್ತರ: ಭ್ರಮೆ ಅಂತ ನಾನೂ ಹೇಳುವುದಿಲ್ಲ. ನಿಮ್ಮ ಕಾಲಿಗೆ ಗೊತ್ತಾಗಿರುವುದು ನಿಜ, ಅದಕ್ಕೆ ಕೊಟ್ಟ ಹೆಸರು ತಪ್ಪು.

65 ಎಂಎಂ ಬೋರ್‌ನ ವಿಸ್ತೀರ್ಣ 55 ಎಂಎಂದಕ್ಕಿಂತ ಸುಮಾರು 40 ಪರ್ಸೆಂಟ್ ಜಾಸ್ತಿ. ಪ್ಲೇಟ್ ಅಷ್ಟೇ ಡಿಗ್ರಿ ತಿರುಗಿದರೂ ಮೊದಲಿಗಿಂತ ಜಾಸ್ತಿ ಗಾಳಿ ಒಳಗೆ ನುಗ್ಗುತ್ತದೆ. ಮೊದಲು ಅರ್ಧ ಪೆಡಲ್‌ಗೆ ಸಿಗುತ್ತಿದ್ದ ಎಳೆತ ಈಗ ಅದಕ್ಕಿಂತ ಕಡಿಮೆ ತುಳಿತಕ್ಕೇ ಸಿಗುತ್ತದೆ. ಕಾರು ಹಗುರಾದಂತೆ ಅನಿಸುತ್ತದೆ. ಆದರೆ ಪೂರ್ತಿ ತುಳಿದಾಗ ಎರಡೂ ಹೆಚ್ಚು ಕಡಿಮೆ ಒಂದೇ. ಕಡಿಮೆ ಆರ್‌ಪಿಎಂನಲ್ಲಂತೂ ಪ್ಲೇಟ್ ಅರ್ಧ ತೆರೆಯುವಷ್ಟರಲ್ಲೇ ಮ್ಯಾನಿಫೋಲ್ಡ್ (ಥ್ರಾಟಲ್ ಬಾಡಿಯಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪು) ಒತ್ತಡ ಹೊರಗಿನ ಒತ್ತಡಕ್ಕೆ ಹತ್ತಿರ ಬಂದಿರುತ್ತದೆ. ಆಮೇಲೆ ಎಷ್ಟು ತೆರೆದರೂ ಇಂಜಿನ್‌ಗೆ ಬೇಕಿಲ್ಲ.

ಇದಕ್ಕೆ ತೆರಬೇಕಾದ್ದೂ ಇದೆ. ಟ್ರಾಫಿಕ್‌ನಲ್ಲಿ ನಿಧಾನ ಓಡಿಸುವಾಗ ಕಾಲಿನ ಹಿಡಿತ ಹೋಗುತ್ತದೆ, ಕಾರು ಜಗ್ಗಿ ಜಗ್ಗಿ ಹೋಗುತ್ತದೆ. ನಿಮ್ಮ ಗೆಳೆಯನನ್ನು ಒಂದನೇ ಗೇರ್‌ನ ಬಗ್ಗೆ ಕೇಳಿ ನೋಡಿ.

ಪ್ರಶ್ನೆ: ನನ್ನ ಕಾರಿನಲ್ಲಿ ಥ್ರಾಟಲ್ ಬಾಡಿಯೇ ಅಡ್ಡಿಯಾಗಿದೆಯಾ ಅಂತ ಅಳೆದು ನೋಡಲು ದಾರಿ ಇದೆಯಾ?

ಉತ್ತರ: ಇದೆ, ಸುಲಭವೂ ಹೌದು. ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ಹೆಚ್ಚಿನವರು ಪಾರ್ಟ್ ತಂದ ಮೇಲೆ ಕೇಳುತ್ತಾರೆ.

ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಿಂದ ಸೆನ್ಸರ್ ಲೆಕ್ಕ ಓದುವ ಸಾಧನ) ಹಾಕಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ಹೊರಗಿನ ಗಾಳಿಯ ಒತ್ತಡವನ್ನು ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಸುರಕ್ಷಿತವಾದ ಕಡೆ, ಡೈನೊ ಆದರೆ ಇನ್ನೂ ಒಳ್ಳೆಯದು, ಪೆಡಲ್ ಪೂರ್ತಿ ತುಳಿದು ರೆಡ್‌ಲೈನ್‌ವರೆಗೆ ಹೋಗಿ ಲಾಗ್ ಮಾಡಿ. ಕೊನೆಯಲ್ಲಿ ಎಷ್ಟಿದೆ ನೋಡಿ. ಮೊದಲಿನದಕ್ಕಿಂತ 2 ಕಿಲೋಪಾಸ್ಕಲ್ ಒಳಗೆ ಇಳಿದಿದ್ದರೆ ಥ್ರಾಟಲ್ ಬಾಡಿಯ ಯೋಚನೆ ಅಲ್ಲಿಗೇ ಬಿಡಿ.

5–6 ಕಿಲೋಪಾಸ್ಕಲ್ ಇಳಿದಿದ್ದರೂ ತಕ್ಷಣ ಪಾರ್ಟ್ ತರಬೇಡಿ. ಆ ಇಳಿತದಲ್ಲಿ ಏರ್ ಫಿಲ್ಟರ್ ಮತ್ತು ಇನ್‌ಟೇಕ್ ಪೈಪಿನ ಪಾಲೂ ಸೇರಿದೆ. ಥ್ರಾಟಲ್ ಬಾಡಿಯ ಹಿಂದೆ ಮುಂದೆ ಎರಡೂ ಕಡೆ ಒತ್ತಡ ಅಳೆದರೆ ಅದರ ಪಾಲು ಎಷ್ಟು ಅಂತ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಮ್ಯಾಪ್ ಸೆನ್ಸರ್ ಇರುವುದಿಲ್ಲ, ಎಂಎಎಫ್ (ಒಳಗೆ ಹೋಗುವ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್) ಮಾತ್ರ ಇರುತ್ತದೆ. ಅಂಥವಕ್ಕೆ ವ್ಯಾಕ್ಯೂಮ್ ಗೇಜ್ ಕಟ್ಟಿದರಾಯಿತು.

ಇನ್ನೊಬ್ಬರ ಪ್ರಶ್ನೆ: ನಾನು ಹಾಕಿಸಿ ಆಗಿದೆ ಅಣ್ಣಾ. ಐಡ್ಲಿಂಗ್ (ಪೆಡಲ್ ಮುಟ್ಟದಿದ್ದಾಗಿನ ಆರ್‌ಪಿಎಂ) 1300ಕ್ಕೆ ನಿಂತಿದೆ, ಚೆಕ್ ಇಂಜಿನ್ ಲೈಟ್ ಬಂದಿದೆ. ಕೋಡ್ ಪಿ0507.

ಉತ್ತರ: ಪಿ0507 ಅಂದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬಯಸಿದ್ದಕ್ಕಿಂತ ಐಡ್ಲಿಂಗ್ ಜಾಸ್ತಿ ಇದೆ ಅಂತ. ಇಸಿಯು ಹಳೆಯ ಬೋರ್‌ನ ಲೆಕ್ಕದಲ್ಲಿ ಪ್ಲೇಟನ್ನು ಒಂಚೂರು ತೆರೆದಿಡುತ್ತದೆ. ಬೋರ್ ದೊಡ್ಡದಾಗಿರುವುದರಿಂದ ಅಷ್ಟಕ್ಕೇ ಗಾಳಿ ಜಾಸ್ತಿಯಾಗುತ್ತಿದೆ. ಮೊದಲು ಗ್ಯಾಸ್ಕೆಟ್ ಹತ್ತಿರ ಗಾಳಿ ಲೀಕ್ ಇದೆಯಾ ನೋಡಿಸಿ. ಮ್ಯಾನಿಫೋಲ್ಡ್ ಬಾಯಿ 55 ಎಂಎಂ ಇದ್ದು, ಅದಕ್ಕೆ 65ರ ಬಾಡಿ ಕೂರಿಸಿದ್ದರೆ ಅಲ್ಲೊಂದು ಮೆಟ್ಟಿಲು ಉಳಿದಿರುತ್ತದೆ. ಹಾಗಿದ್ದರೆ ಸಿಗಬೇಕಿದ್ದ ಅರ್ಧ ಎಚ್‌ಪಿಯೂ ಅಲ್ಲೇ ಹೋಯಿತು. ಲೀಕ್ ಇಲ್ಲದಿದ್ದರೆ ಐಡಲ್ ರೀಲರ್ನ್ ಮಾಡಿಸಿ, ಅಂದರೆ ಐಡ್ಲಿಂಗ್‌ಗೆ ಪ್ಲೇಟ್ ಎಷ್ಟು ತೆರೆಯಬೇಕು ಅಂತ ಇಸಿಯು ಹೊಸದಾಗಿ ಕಲಿಯುವಂತೆ ಮಾಡಿಸಿ. ಆಗಲೂ ಇಳಿಯದಿದ್ದರೆ ಹೊಸ ಬೋರ್ ಅಳತೆ ಇಸಿಯುಗೆ ಹೇಳಿಕೊಡಬೇಕು, ಅಂದರೆ ರೀಮ್ಯಾಪ್. ಜೊತೆಗೆ ಪಿ2135 ಬಂದರೆ ಓಡಿಸಬೇಡಿ. ಅದು ಥ್ರಾಟಲ್‌ನ ಎರಡು ಪೊಸಿಷನ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅನ್ನುವ ಕೋಡ್. ಗಾಡಿ ನಡುರಸ್ತೆಯಲ್ಲಿ ಲಿಂಪ್ ಮೋಡ್‌ಗೆ (ಇಸಿಯು ಪವರ್ ತಗ್ಗಿಸಿ ಓಡಿಸುವ ಸ್ಥಿತಿ) ಹೋಗಬಹುದು.

ಪ್ರಶ್ನೆ: ಹಾಗಾದರೆ ದೊಡ್ಡದು ಯಾರಿಗೆ ಬೇಕು?

ಉತ್ತರ: ಹೆಡ್ ಪೋರ್ಟಿಂಗ್ (ಪೋರ್ಟುಗಳನ್ನು ಕೊರೆದು ಅಗಲ ಮಾಡುವುದು) ಮಾಡಿಸಿ, ದೊಡ್ಡ ಕ್ಯಾಮ್ ಹಾಕಿ, 8000ದವರೆಗೆ ಸುತ್ತಿಸುವವರಿಗೆ ಬೇಕು. ಸಿಲಿಂಡರ್‌ನ ಬೋರ್, ಸ್ಟ್ರೋಕ್ ಹೆಚ್ಚಿಸಿ ಸಿಸಿ ಏರಿಸಿದವರಿಗೂ ಬೇಕಾಗಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡದ ನಷ್ಟ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಮೊದಲು ಲೆಕ್ಕಕ್ಕೇ ಇಲ್ಲದ ಅಡ್ಡಿ ಅಲ್ಲಿ ಎದ್ದು ಕಾಣುತ್ತದೆ.

ಸೂಪರ್‌ಚಾರ್ಜರ್ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಬ್ಲೋವರ್) ಇದ್ದು, ಥ್ರಾಟಲ್ ಅದರ ಮುಂಚೆ ಇದ್ದರೆ ಖಂಡಿತ ಗಮನಿಸಿ. ಅಲ್ಲಿ 2 ಕಿಲೋಪಾಸ್ಕಲ್ ಕಳೆದುಕೊಂಡರೆ ಬ್ಲೋವರ್ ಅದನ್ನು ತನ್ನ ಅನುಪಾತದಷ್ಟು ಗುಣಿಸಿ ಕಳೆಯುತ್ತದೆ. ಸಾಮಾನ್ಯ ಟರ್ಬೊ ಕಾರಿನಲ್ಲಿ ಥ್ರಾಟಲ್ ಇರುವುದು ಟರ್ಬೊ ಆದ ಮೇಲೆ. ಅಲ್ಲಿ ಚೂರು ಪಾರು ನಷ್ಟವನ್ನು ಬೂಸ್ಟ್ ತುಂಬಿಕೊಡುತ್ತದೆ. ಆ ದುಡ್ಡನ್ನು ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವುದು) ಹಾಕಿ.

ಇನ್ನೊಬ್ಬರ ಪ್ರಶ್ನೆ: ಬೈಕಿಗೂ ಇದೇ ಲೆಕ್ಕವಾ?

ಉತ್ತರ: ಸಿಂಗಲ್ ಸಿಲಿಂಡರ್ ಆದರೆ ಅಲ್ಲ. ಮೇಲೆ ನಾನು ಹಾಕಿದ್ದು ಸರಾಸರಿ ಲೆಕ್ಕ. ನಾಲ್ಕು ಸಿಲಿಂಡರ್ ಸರದಿಯಂತೆ ಎಳೆಯುವಾಗ ಅದು ನಡೆಯುತ್ತದೆ. ಒಂದೇ ಸಿಲಿಂಡರ್ ಇದ್ದರೆ ನಾಲ್ಕು ಸ್ಟ್ರೋಕ್‌ನಲ್ಲಿ ಒಂದರಲ್ಲಿ ಮಾತ್ರ ಗಾಳಿ ಒಮ್ಮೆಲೇ ನುಗ್ಗಬೇಕು. ಅದಕ್ಕೇ 373 ಸಿಸಿಯ ಕೆಟಿಎಂ 390 ಡ್ಯೂಕ್‌ಗೆ ಕಂಪನಿಯೇ 46 ಎಂಎಂ ಕೊಟ್ಟಿತ್ತು. ಅಷ್ಟು ದೊಡ್ಡದು ಮೊದಲೇ ಇದ್ದಮೇಲೆ ಇನ್ನೂ ದೊಡ್ಡದು ಹಾಕಲು ಕಾರಣ ಬೇಕಲ್ವಾ?

ಪ್ರಶ್ನೆ: ಸರಿ ಸರ್, 65 ಎಂಎಂ ಕೈಬಿಟ್ಟೆ. ಇರುವುದಕ್ಕೇ ಏನಾದರೂ ಮಾಡಬಹುದಾ?

ಉತ್ತರ: ಬಿಚ್ಚಿಸಿ ನೋಡಿ. ಪ್ಲೇಟ್ ಅಂಚಿನಲ್ಲಿ ಕಪ್ಪಗೆ ಕಾರ್ಬನ್ ಕಟ್ಟಿದ್ದರೆ ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿಸಿ. ನೇರವಾಗಿ ಸುರಿದರೆ ಶಾಫ್ಟ್ ಬೇರಿಂಗ್, ಸೆನ್ಸರ್ ಕಡೆ ಇಳಿಯುತ್ತದೆ. ಕೆಲವು ಬಾಡಿಗಳಲ್ಲಿ ಅಂಚಿಗೆ ಕೋಟಿಂಗ್ ಇರುತ್ತದೆ, ಉಜ್ಜಿ ತೆಗೆಯಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇದ್ದಾಗ ಪ್ಲೇಟ್ ಹತ್ತಿರ ಬೆರಳು ಇಡಲೇಬಾರದು, ಮೋಟಾರ್ ಥಟ್ಟನೆ ಮುಚ್ಚಿಬಿಡುತ್ತದೆ. ಕೆಲಸ ಮುಗಿದ ಮೇಲೆ ಐಡಲ್ ರೀಲರ್ನ್ ಮಾಡಿಸಿ. ಕಾರ್ಬನ್ ಇದ್ದಾಗ ಇಸಿಯು ಅದಕ್ಕೆ ಹೊಂದಿಕೊಂಡು ಪ್ಲೇಟನ್ನು ಜಾಸ್ತಿ ತೆರೆದಿಡುತ್ತಿರುತ್ತದೆ, ಹಾಗೇ ಬಿಟ್ಟರೆ ನಿಮಗೂ ಮೊದಲೆರಡು ದಿನ 1300 ಐಡ್ಲಿಂಗ್ ಬರಬಹುದು.